ಮಧ್ಯಯುಗದ ಯುರೋಪಿನ ಟ್ಯೂನಿಕ್: ಅಳತೆಯಿಂದ ಅಂಚಿನವರೆಗೆ

ನಾಟಕಕ್ಕೋ ಮಧ್ಯಯುಗದ ಉತ್ಸವಕ್ಕೋ ಟ್ಯೂನಿಕ್ (ತಲೆಯ ಮೇಲಿಂದ ತೊಡುವ ಉದ್ದನೆಯ ಸಡಿಲ ಅಂಗಿ) ಬೇಕೆಂದಾಗ ದರ್ಜಿಗಳು ಸಾಮಾನ್ಯವಾಗಿ ಶರ್ಟಿನ ಕಟಿಂಗ್ ಹಿಡಿದು ಉದ್ದ ಹೆಚ್ಚಿಸಿ ಕೊಡುತ್ತಾರೆ. ತೋಳಿನ ಬುಡವನ್ನು ಇಂದಿನ ಶರ್ಟಿನಂತೆ ಅರ್ಧಚಂದ್ರವಾಗಿ ಕತ್ತರಿಸಿದರೆ ಆ ಕಾಲದ ಸರಳ ಟ್ಯೂನಿಕ್ಕಿನ ರೂಪ ಬರುವುದಿಲ್ಲ. ಬಟ್ಟೆ ನೇಯಲು ತಿಂಗಳುಗಟ್ಟಲೆ ದುಡಿಯುತ್ತಿದ್ದ ಕಾಲವದು. ಚೌಕ, ಆಯತ, ತ್ರಿಕೋನಗಳಲ್ಲೇ ಕತ್ತರಿಸಿದರೆ ಚೂರೂ ವ್ಯರ್ಥವಾಗದು. ನಮ್ಮ ಕಲಿ ಕುರ್ತಾದ, ಅಂದರೆ ಘೇರಿಗಾಗಿ ತ್ರಿಕೋನ ತುಂಡುಗಳನ್ನು (ಕಲಿ) ಸೇರಿಸಿದ ಕುರ್ತಾದ, ಲೆಕ್ಕವೂ ಇದೇ, ಆದ್ದರಿಂದ ಕುರ್ತಾ ಹೊಲಿದು ಗೊತ್ತಿರುವವರಿಗೆ ಅರ್ಧ ಕೆಲಸ ಆದಂತೆ.

1936ರಲ್ಲಿ ಸ್ವೀಡನ್ನಿನ ವಾರ್ಬೆರ್ಗ್ ಬಳಿಯ ಜೌಗುನೆಲದಲ್ಲಿ ಸಿಕ್ಕಿದ, ಬಾಕ್‌ಸ್ಟೆನ್ ಮನುಷ್ಯ ಎಂದು ಕರೆಯುವ ಶವದ ಮೈಮೇಲಿನ ಉಣ್ಣೆಯ ಉಡುಪು 14ನೇ ಶತಮಾನದ್ದು. ಗ್ರೀನ್‌ಲ್ಯಾಂಡಿನ ಹೆರ್ಯೋಲ್ಫ್ಸ್‌ನೆಸ್ ಸ್ಮಶಾನದಲ್ಲಿ 1921ರಲ್ಲಿ ಡೆನ್ಮಾರ್ಕಿನ ಪುರಾತತ್ವಜ್ಞ ಪೌಲ್ ನೋರ್ಲುಂಡ್ ಅಗೆದು ತೆಗೆದ ಉಡುಪುಗಳು ಈಗ ಕೋಪನ್‌ಹೇಗನ್ನಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿವೆ. ಇಂಥ ಉಡುಪುಗಳಲ್ಲಿ ಕೆಳಗಿನ ಘೇರು ಬಂದಿರುವುದು ಕಲಿಗಳಿಂದ. ಇಲ್ಲಿ ಕೊಟ್ಟಿರುವುದು ಅವುಗಳ ನಕಲಲ್ಲ, ಆ ಕ್ರಮದ ಸರಳ ರೂಪ.

ಬಟ್ಟೆ: ಮೇಲುಡುಪಿಗೆ ಓರೆ ನೇಯ್ಗೆಯ (ಟ್ವಿಲ್) ತೆಳು ಉಣ್ಣೆ, ಒಳುಡುಪಿಗೆ ಲಿನನ್. ಬಿಸಿ ಊರಿನಲ್ಲಿ ಎರಡನ್ನೂ ತೊಡುವುದು ಹಿಂಸೆ, ಲಿನನ್ ಒಂದೇ ಸಾಕು. ಮಿನುಗುವ ಪಾಲಿಯೆಸ್ಟರ್ ಬೇಡ, ರಂಗದ ದೀಪದಡಿ ಅದರ ಸುಳ್ಳು ತಕ್ಷಣ ಬಯಲಾಗುತ್ತದೆ. 150 ಸೆಂ.ಮೀ. ಪನ್ನದ ಬಟ್ಟೆ ಎರಡೂಮುಕ್ಕಾಲು ಮೀಟರ್ ಕೊಳ್ಳಿ. ಕತ್ತರಿಸುವ ಮೊದಲು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಈ ಹಂತ ಬಿಟ್ಟರೆ ಮೊದಲ ಒಗೆತಕ್ಕೇ ತೋಳು ಮೊಣಕೈಗೆ ಏರುತ್ತದೆ.

ಎದೆ ಸುತ್ತಳತೆ 96 ಸೆಂ.ಮೀ. ಇರುವವರಿಗೆ, ಮೊಣಕಾಲು ಮುಟ್ಟುವ ಉಡುಪಿಗೆ ಕತ್ತರಿಸಬೇಕಾದವು ಇವು. ಎಲ್ಲದರಲ್ಲೂ ಒಂದೂವರೆ ಸೆಂ.ಮೀ. ಮಾರ್ಜಿನ್ (ಹೊಲಿಗೆಗೆ ಬಿಡುವ ಅಂಚು) ಸೇರಿದೆ:

- ಮುಂಭಾಗ, ಹಿಂಭಾಗ: 58 × 104, ಎರಡು
- ತೋಳು: ಉದ್ದ 57, ಬುಡದಲ್ಲಿ ಅಗಲ 47, ಮಣಿಕಟ್ಟಿನಲ್ಲಿ 30, ಎರಡು
- ಬಗಲ ಚೌಕ (ಕಂಕುಳಲ್ಲಿ ಕೂರಿಸುವ ತುಂಡು): 15 × 15, ಎರಡು
- ಕಲಿಗಳಿಗೆ 83 × 60ರ ಒಂದು ಆಯತ

ಎದೆಗೆ 14 ಸೆಂ.ಮೀ. ಸಡಿಲ ಕೊಟ್ಟಿದ್ದೇವೆ. ಬೇರೆ ಅಳತೆಯವರು ಎದೆಗೆ 14 ಸೇರಿಸಿ, ಅರ್ಧ ಮಾಡಿ, ಮಾರ್ಜಿನ್ನಿಗೆ 3 ಕೂಡಿಸಲಿ. ಮಣಿಕಟ್ಟಿಗೆ ಅಳೆಯಬೇಕಾದದ್ದು ಮಣಿಕಟ್ಟನ್ನಲ್ಲ, ಮಡಿಸಿದ ಮುಷ್ಟಿಯನ್ನು. ಗುಂಡಿ ಇಲ್ಲದ ತೋಳಿನೊಳಗೆ ಕೈ ತೂರಬೇಕಲ್ಲ.

ಆಯತದಿಂದ ನಾಲ್ಕು ಕಲಿ ಹೀಗೆ ಬರುತ್ತವೆ: 60ರ ಬದಿಯನ್ನು ಹಾಸಿನ ಎಳೆಯ ಜೊತೆಗಿಟ್ಟು, ಬುಡ 40 ಬರುವಂತೆ ತ್ರಿಕೋನಗಳನ್ನು ಒಂದು ನೆಟ್ಟಗೆ, ಒಂದು ತಲೆಕೆಳಗಾಗಿ ಗುರುತಿಸಿ. ಮೂರು ಇಡೀ ತ್ರಿಕೋನಗಳೂ ಎರಡು ತುದಿಗಳಲ್ಲಿ ಎರಡು ಅರ್ಧಗಳೂ ಸಿಗುತ್ತವೆ. ಅರ್ಧಗಳನ್ನು ಕೂಡಿಸಿ ಹೊಲಿದರೆ ನಾಲ್ಕನೆಯದು. ಇವುಗಳ ಜೋಡಣೆಗೆಂದೇ ಅಗಲ 80ರ ಬದಲು 83. ಈ ಜೋಡು ಕಲಿಯನ್ನು ಬೆನ್ನಿಗೆ ಹಾಕಿ.

ಮೊದಲು ಭುಜ ಹೊಲಿಯಿರಿ. ಕೊರಳು ಅಗಲ 16, ಮುಂದೆ ಆಳ 7, ಹಿಂದೆ 2, ಮುಂದೆ ನಡುವೆ 12ರ ಸೀಳು. ಎಲ್ಲ ಬದಿಗೂ ಒಂದು ಸೆಂ.ಮೀ. ಚಿಕ್ಕದಾಗಿ ಕತ್ತರಿಸಿ, ತಲೆ ತೂರಿಸಿ ನೋಡಿ, ಆಮೇಲೆ ಹಿಗ್ಗಿಸಿ.

ಮುಂದಿನ ಮತ್ತು ಹಿಂದಿನ ನಡುಕಲಿಗಳನ್ನು ಈಗಲೇ, ಬಟ್ಟೆ ಚಪ್ಪಟೆಯಾಗಿ ಹರಡಿರುವಾಗಲೇ, ಎರಡೂ ಭಾಗಗಳ ಕೆಳ ಅಂಚಿನ ನಡುವಿನಿಂದ ನೇರ ಮೇಲಕ್ಕೆ ಸೀಳಿ ಕೂರಿಸಬೇಕು. ಹೆಚ್ಚಿನವರು ಎಡವುವುದು ಇಲ್ಲಿ. ಕಲಿಯ ಎತ್ತರ 60 ಎಂದು ಸೀಳನ್ನೂ 60 ಮಾಡಿದರೆ ಮೇಲೆ ತೂತು ಉಳಿಯುತ್ತದೆ. ಎರಡೂ ಬದಿಯ ಹೊಲಿಗೆಗಳು ಸೇರುವುದು ಕತ್ತರಿಸಿದ ತುದಿಗಿಂತ ಸುಮಾರು ನಾಲ್ಕೂಮುಕ್ಕಾಲು ಸೆಂ.ಮೀ. ಕೆಳಗೆ. ಆದ್ದರಿಂದ ಸೀಳು 54 ಸಾಕು. ಸೀಳಿನ ತುದಿಯಲ್ಲಿ ಬಟ್ಟೆಗೆ ಮಾರ್ಜಿನ್ ಇರುವುದಿಲ್ಲ. ಕೆಳಗೆ ಒಂದೂವರೆ ಇದ್ದದ್ದು ಮೇಲೇರುತ್ತ ಎರಡು ಎಳೆಯಷ್ಟಕ್ಕೆ ಇಳಿಯುತ್ತದೆ. ಅಲ್ಲಿ ಮಿಷನ್ ಬಿಟ್ಟು ಕೈಯಲ್ಲಿ, ಪ್ರತಿ ಹೊಲಿಗೆಗೂ ಸೂಜಿಯನ್ನು ಹಿಂದಕ್ಕೆ ತಂದು ಹೊಲಿಯಿರಿ. ಒಳಗಿನಿಂದ ರೂಪಾಯಿಯಗಲದ ಲಿನನ್ ಚೂರನ್ನು ತೇಪೆ ಹಾಕಿದರೆ ಕೂತೇಳುವಾಗ ಹರಿಯದು.

ಪಿನ್ನು ಚುಚ್ಚುವುದು ಯಾವಾಗಲೂ ಮೇಲಿನಿಂದ ಕೆಳಕ್ಕೆ. ಕಲಿಯ ಓರೆ ಬದಿ ಅದರ ನಡುಗೆರೆಗಿಂತ ಮೂರು ಸೆಂ.ಮೀ.ಗೂ ಹೆಚ್ಚು ಉದ್ದ. ಕೆಳಗಿನ ಅಂಚುಗಳನ್ನು ಸರಿಹೊಂದಿಸಿ ಮೇಲಕ್ಕೆ ಹೋದರೆ ಆ ಹೆಚ್ಚುವರಿಯೆಲ್ಲ ತುದಿಯಲ್ಲಿ ಗಂಟುಕಟ್ಟುತ್ತದೆ. ಕೆಳಗೆ ಜೋತಾಡಲಿ, ಕೊನೆಗೆ ಕತ್ತರಿಸಿದರಾಯಿತು. ಹೊಲಿಯುವಾಗ ಓರೆ ಬದಿಯನ್ನು ಎಳೆಯಬೇಡಿ.

ಇನ್ನು ತೋಳು. ಅದರ ಬುಡದ ನಡುವನ್ನು ಭುಜದ ಹೊಲಿಗೆಗೆ ಹೊಂದಿಸಿ ನೇರವಾಗಿ ಹೊಲಿಯಿರಿ. ಭುಜ ಕೈಯ ಮೇಲೆ ಇಳಿದು ಕೂರುತ್ತದೆ, ಅದು ತಪ್ಪಲ್ಲ. ಬಗಲ ಚೌಕದ ಒಂದು ಬದಿ ತೋಳಿಗೆ, ಪಕ್ಕದ ಬದಿ ಮೈಭಾಗಕ್ಕೆ. ಪ್ರತಿ ಮೂಲೆಗೆ ಒಂದೂವರೆ ಸೆಂ.ಮೀ. ಮೊದಲೇ ನಿಲ್ಲಿಸಿ ದಾರ ಬಿಗಿಯಿರಿ. ಅಂಚಿನವರೆಗೂ ಓಡಿಸಿದರೆ ಮೂಲೆ ತಿರುಗುವುದಿಲ್ಲ, ಬಗಲಲ್ಲಿ ಸುಕ್ಕು ನಿಲ್ಲುತ್ತದೆ. ಚೌಕ ತೊಟ್ಟಾಗ ಮೂಲೆಯಿಂದ ಮೂಲೆಗೆ ಮಡಿಯುವುದರಿಂದ ಬಟ್ಟೆಯ ಓರೆ (ಎಳೆಗಳಿಗೆ ಅಡ್ಡಮೂಲೆಯಾಗಿ ಹೋಗುವ, ಹಿಗ್ಗುವ ದಿಕ್ಕು) ಬಗಲಿಗೇ ಬಂದು ಕೈ ಎತ್ತಿದಾಗ ಹಿಗ್ಗುತ್ತದೆ. ಚೌಕ ಬಿಟ್ಟ ಟ್ಯೂನಿಕ್ ಕೈ ಎತ್ತಿದಾಗಲೆಲ್ಲ ಸೊಂಟದಿಂದ ಮೇಲೇರುತ್ತದೆ.

ಕೊನೆಗೆ ಪಕ್ಕದ ಕಲಿಗಳನ್ನು ಸೇರಿಸಿ, ಮಣಿಕಟ್ಟಿನಿಂದ ಚೌಕದವರೆಗೆ, ಚೌಕದಿಂದ ಕಲಿಯವರೆಗೆ ಹೊಲಿದು ಮುಚ್ಚಿ. ಒಳಹೊಲಿಗೆಗೆ ಮಿಷನ್ ಪರವಾಗಿಲ್ಲ, ಕಣ್ಣಿಗೆ ಬೀಳುವ ಕೊರಳು ಮತ್ತು ಅಂಚು ಮಾತ್ರ ಕೈಯದೇ ಆಗಲಿ: ಮೇಣ ಸವರಿದ ಲಿನನ್ ದಾರ, ಸೆಂಟಿಮೀಟರಿಗೆ ಮೂರು ಹೊಲಿಗೆ. ಜಿಪ್ಪು, ಲೋಹದ ಉಂಗುರ ಹೊಡೆದ ತೂತು ಬೇಡವೇ ಬೇಡ. ಕೊರಳ ಸೀಳಿಗೆ ದಾರವೋ ಸಣ್ಣ ಪಿನ್ನೋ ಸಾಕು.

ಅಂಚು ಮಡಿಸುವ ಮೊದಲು ಒಂದು ರಾತ್ರಿ ಹ್ಯಾಂಗರಿಗೆ ತೂಗುಹಾಕಿ. ಓರೆ ಬದಿಗಳು ಜಗ್ಗಿ ನಿಲ್ಲಬೇಕು. ಮರುದಿನ ತೊಟ್ಟು, ನಡುಪಟ್ಟಿ ಕಟ್ಟಿ, ಇನ್ನೊಬ್ಬರಿಂದ ನೆಲದಿಂದ ಒಂದೇ ಎತ್ತರಕ್ಕೆ ಸುತ್ತಲೂ ಚಾಕಿನ ಗುರುತು ಹಾಕಿಸಿ. ಸುತ್ತು ಸುಮಾರು ಎರಡೂವರೆ ಮೀಟರ್ ಬರುತ್ತದೆ. ಗುರುತಿಗಿಂತ ಎರಡೂವರೆ ಸೆಂ.ಮೀ. ಕೆಳಗೆ ಕತ್ತರಿಸಿ, ಎರಡು ಬಾರಿ ಮಡಿಸಿ ಹೊಲಿಯಿರಿ.