ಹೊಲದ ನೈಟ್ರೇಟ್ ನಲ್ಲಿಗೆ ಬಾರದಂತೆ ತಡೆಯುವುದು ಹೇಗೆ?

2025ರ ಜೂನ್ 12. ಅಮೆರಿಕದ ಅಯೋವಾ ರಾಜ್ಯದ ರಾಜಧಾನಿ ಡಿ ಮೊಯ್ನ್ ಮತ್ತು ಸುತ್ತಲಿನ ಊರುಗಳ ಸುಮಾರು 6 ಲಕ್ಷ ಜನರಿಗೆ ಒಂದು ಸೂಚನೆ ಬಂತು. ಮನೆ ಮುಂದಿನ ಹುಲ್ಲುಹಾಸಿಗೆ ಇನ್ನು ನೀರು ಬಿಡುವಂತಿಲ್ಲ. ಬರಗಾಲವೇನೂ ಇರಲಿಲ್ಲ. ಊರಿಗೆ ನೀರು ಕೊಡುವ ರಕೂನ್ ಮತ್ತು ಡಿ ಮೊಯ್ನ್ ನದಿಗಳೆರಡೂ ಚೆನ್ನಾಗಿಯೇ ಹರಿಯುತ್ತಿದ್ದವು. ಆದರೆ ಆ ನೀರಿನಲ್ಲಿ ನೈಟ್ರೇಟ್, ಅಂದರೆ ಮಣ್ಣಿನ ಸಾರಜನಕದಿಂದ ಆಗಿ ನೀರಿನಲ್ಲಿ ಕರಗಿಹೋಗುವ ವಸ್ತು, ಮಿತಿಮೀರಿತ್ತು. ಅದನ್ನು ತೆಗೆಯುವ ಯಂತ್ರಗಳು ಓಡುವಷ್ಟೂ ಓಡುತ್ತಿದ್ದವು. ನೀರಿದೆ, ಶುದ್ಧ ಮಾಡಿ ಮುಗಿಸಲು ಆಗುತ್ತಿಲ್ಲ. ಅಲ್ಲಿನ ಕಷ್ಟ ಇದು.

ಈ ನೈಟ್ರೇಟ್ ಬರುವುದು ಕಾರ್ಖಾನೆಯಿಂದಲ್ಲ, ಹೊಲದಿಂದ. ನದಿಯ ಮೇಲ್ಭಾಗದಲ್ಲಿ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ, ಸೋಯಾ. ಜೊತೆಗೆ ಹಂದಿ ಸಾಕಣೆ. ಅಯೋವಾದಲ್ಲಿ ಜನಕ್ಕಿಂತ ಹಂದಿಗಳು ಎಷ್ಟೋ ಪಟ್ಟು ಜಾಸ್ತಿ. ಅವುಗಳ ಗೊಬ್ಬರವೂ ಹೊಲಕ್ಕೇ ಹೋಗುತ್ತದೆ.

ಅಷ್ಟು ದೂರದ ಊರಿನ ಕಥೆ ನಮಗ್ಯಾಕೆ ಅನ್ನಬೇಡಿ. ಕೇಂದ್ರೀಯ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ನೈಟ್ರೇಟ್ ಮಿತಿ ಮೀರಿದ ಮಾದರಿಗಳು ಜಾಸ್ತಿ ಇದ್ದ ರಾಜ್ಯಗಳ ಪೈಕಿ ಕರ್ನಾಟಕವೂ ಮುಂದಿದೆ. ಡಿ ಮೊಯ್ನ್ ನೀರು ಸರಬರಾಜು ಸಂಸ್ಥೆ ಮೂವತ್ತು ವರ್ಷಕ್ಕೂ ಮೇಲೆ ಇದರ ಜೊತೆ ಗುದ್ದಾಡಿದೆ. ಅವರು ಮಾಡಿದ್ದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಕೊನೆಯಲ್ಲಿ ನಮ್ಮ ಮನೆಯ ಬೋರ್‌ವೆಲ್‌ಗೂ ಬರೋಣ.

ಹೆಜ್ಜೆ 1: ನೈಟ್ರೇಟ್ ಹೊಲದಿಂದ ಹೇಗೆ ಹೊರಡುತ್ತದೆ ಎಂದು ತಿಳಿಯಿರಿ

ಬೆಳೆಗೆ ಸಾರಜನಕ ಬೇಕು. ನಾವು ಯೂರಿಯಾ ಹಾಕುತ್ತೇವೆ, ಅಲ್ಲಿ ಹೆಚ್ಚಾಗಿ ಅಮೋನಿಯಾ ಹಾಕುತ್ತಾರೆ. ಯಾವ ರೂಪದಲ್ಲಿ ಹಾಕಿದರೂ ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ. ಗೊಬ್ಬರದ್ದೇ ಅಲ್ಲ, ಕಪ್ಪು ಮಣ್ಣಿನಲ್ಲಿ ಮೊದಲೇ ಇರುವ ಸಾರಜನಕವೂ ಹೀಗೇ ಬದಲಾಗುತ್ತದೆ. ನೈಟ್ರೇಟ್ ಮಣ್ಣಿಗೆ ಅಂಟಿಕೊಂಡು ಕೂರುವುದಿಲ್ಲ. ನೀರು ಎಲ್ಲಿಗೆ ಹೋದರೆ ಅಲ್ಲಿಗೆ ಹೋಗುತ್ತದೆ. ಯೂರಿಯಾ ಚೆಲ್ಲಿದ ಮೇಲೆ ಜೋರು ಮಳೆ ಬಂದರೆ ನಮ್ಮ ರೈತರು ತಲೆ ಮೇಲೆ ಕೈ ಹೊತ್ತುಕೊಳ್ಳುವುದು ಇದಕ್ಕೇ ಅಲ್ವಾ?

ಅಯೋವಾದಲ್ಲಿ ಇನ್ನೊಂದು ವಿಷಯವಿದೆ. ಆ ನೆಲ ಹಿಂದೆ ಜವುಗು ಹುಲ್ಲುಗಾವಲು. ಉಳುಮೆ ಮಾಡಬೇಕಾದರೆ ನೀರು ಬಸಿಯಬೇಕಿತ್ತು. ಹಾಗಾಗಿ ಮೂರು ನಾಲ್ಕು ಅಡಿ ಆಳದಲ್ಲಿ ಕೊಳವೆ ಹೂಳಿದರು. ಮೊದಲು ಸುಟ್ಟ ಮಣ್ಣಿನವು, ಈಗ ತೂತುಗಳಿರುವ ಪ್ಲಾಸ್ಟಿಕ್ ಪೈಪು. ಬದುವಿನ ಕೆಳಗೆ ನಿಂತು ನೋಡಿದರೆ ಹುಲ್ಲಿನ ನಡುವೆ ಒಂದು ಪೈಪಿನ ಬಾಯಿ ಕಾಣುತ್ತದೆ. ಅದರಿಂದ ಕಾಲುವೆಗೆ ನೀರು ಬೀಳುತ್ತಿರುತ್ತದೆ. ಕೆಸರಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಬೊಗಸೆಯಲ್ಲಿ ಹಿಡಿದು ಕುಡಿಯೋಣ ಅನ್ನಿಸುವಷ್ಟು ತಿಳಿ. ನೈಟ್ರೇಟ್ ಇರುವುದು ಆ ತಿಳಿನೀರಿನಲ್ಲೇ. ಹೊಲದಿಂದ ಕಾಲುವೆಗೆ, ಕಾಲುವೆಯಿಂದ ನದಿಗೆ, ನದಿಯಿಂದ ಊರಿನ ನಲ್ಲಿಗೆ ಅದರ ದಾರಿ.

ಏಪ್ರಿಲ್‌ನಿಂದ ಜೂನ್‌ವರೆಗೆ ಹರಿವು ಹೆಚ್ಚು. ಆಗ ಮಳೆ ಇರುತ್ತದೆ, ನೆಲ ಬರಿದಾಗಿರುತ್ತದೆ ಅಥವಾ ಪೈರು ಇನ್ನೂ ಚಿಕ್ಕದಿರುತ್ತದೆ. ನೈಟ್ರೇಟನ್ನು ಹೀರಿಕೊಳ್ಳುವ ಬೇರು ಇರುವುದಿಲ್ಲ.

ಹೆಜ್ಜೆ 2: ಮಿತಿ ಎಷ್ಟು ಎಂದು ಗೊತ್ತಿರಲಿ

1945ರಲ್ಲಿ ಅಯೋವಾ ಸಿಟಿಯ ವೈದ್ಯ ಹಂಟರ್ ಕೋಮ್ಲಿ ಒಂದು ವಿಚಿತ್ರ ಕಾಯಿಲೆಯ ಬಗ್ಗೆ ಬರೆದರು. ಹಸುಗೂಸುಗಳ ಮೈ ನೀಲಿಗಟ್ಟುತ್ತಿತ್ತು. ಹಾಲಿನ ಪುಡಿ ಕಲಸಲು ಬಾವಿ ನೀರು ಬಳಸಿದ್ದರು. ಆ ನೀರಿನಲ್ಲಿ ನೈಟ್ರೇಟ್ ಇತ್ತು. ಮಗುವಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತದ ಹಿಮೋಗ್ಲೋಬಿನ್‌ನ ರೂಪವನ್ನೇ ಬದಲಿಸುತ್ತದೆ. ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದೆ ಸೋಲುತ್ತದೆ. ಮಿತಿ ಬಂದಿದ್ದು ಈ ಕೂಸುಗಳ ಲೆಕ್ಕದ ಮೇಲೆ.

ಅಮೆರಿಕದ ಮಿತಿ ಲೀಟರಿಗೆ 10 ಮಿಲಿಗ್ರಾಂ. ನಮ್ಮ ಭಾರತೀಯ ಮಾನಕ ಬ್ಯೂರೋದ ಮಿತಿ 45 ಮಿಲಿಗ್ರಾಂ. ನಮ್ಮದು ನಾಲ್ಕೂವರೆ ಪಟ್ಟು ಸಡಿಲ ಅನ್ನಿಸುತ್ತದೆ. ಹಾಗಲ್ಲ. ಅವರು ನೈಟ್ರೇಟ್‌ನಲ್ಲಿರುವ ಸಾರಜನಕವನ್ನು ಮಾತ್ರ ತೂಗುತ್ತಾರೆ, ನಾವು ಇಡೀ ನೈಟ್ರೇಟನ್ನು ತೂಗುತ್ತೇವೆ. ಅವರ 10 ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 44. ಎರಡೂ ಒಂದೇ ಮಿತಿ. ಲ್ಯಾಬಿನ ವರದಿ ಓದುವಾಗ ಇದನ್ನು ಮರೆಯಬೇಡಿ, ಆಮೇಲೆ ಮತ್ತೆ ಬೇಕಾಗುತ್ತದೆ.

ಹೆಜ್ಜೆ 3: ದಿನವೂ ಅಳೆಯಿರಿ, ಒಳ್ಳೆಯ ನೀರು ಬೆರೆಸಿ

ಡಿ ಮೊಯ್ನ್ ಸಂಸ್ಥೆಗೆ ಎರಡು ನದಿಗಳಿವೆ. ಒಂದರಲ್ಲಿ ನೈಟ್ರೇಟ್ ಏರಿದರೆ ಇನ್ನೊಂದರಿಂದ ನೀರೆತ್ತುತ್ತಾರೆ. ನದಿದಂಡೆಯ ಮರಳಿನಡಿ ಹೂತಿರುವ ಉದ್ದನೆಯ ಕೊಳವೆಯೊಂದಿದೆ. ಅದರಲ್ಲಿ ಸೋಸಿ ಬಂದ ನೀರಿನಲ್ಲಿ ನೈಟ್ರೇಟ್ ಸ್ವಲ್ಪ ಕಡಿಮೆ ಇರುತ್ತದೆ. ಇದೆಲ್ಲ ಬೆರೆಸಿ ಮಿತಿಯೊಳಗೆ ತರುತ್ತಾರೆ. ಇದೇ ಅಗ್ಗದ ದಾರಿ. ಎರಡೂ ನದಿಗಳು ಒಟ್ಟಿಗೆ ಕೆಟ್ಟಾಗ ಮಾತ್ರ ಈ ಆಟ ನಡೆಯುವುದಿಲ್ಲ. 2025ರಲ್ಲಿ ಆಗಿದ್ದು ಅದೇ.

ಹೆಜ್ಜೆ 4: ಬೇರೆ ದಾರಿ ಇಲ್ಲದಾಗ ಯಂತ್ರ ಓಡಿಸಿ

90ರ ದಶಕದ ಶುರುವಿನಲ್ಲಿ ಈ ಸಂಸ್ಥೆ ಸುಮಾರು 41 ಲಕ್ಷ ಡಾಲರ್ ಹಾಕಿ ನೈಟ್ರೇಟ್ ತೆಗೆಯುವ ಘಟಕ ಕಟ್ಟಿತು. ಜಗತ್ತಿನಲ್ಲೇ ದೊಡ್ಡವುಗಳಲ್ಲಿ ಅದೂ ಒಂದು. ಎಂಟು ದೊಡ್ಡ ಟ್ಯಾಂಕುಗಳು. ದಿನಕ್ಕೆ ಸುಮಾರು 3.8 ಕೋಟಿ ಲೀಟರ್ ಸಾಮರ್ಥ್ಯ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಗಡಸು ನೀರಿಗೆ ಸಾಫ್ಟ್‌ನರ್ ಇರುತ್ತದಲ್ಲ, ಅದಕ್ಕೆ ಮೂಟೆಗಟ್ಟಲೆ ಉಪ್ಪು ಸುರಿಯುತ್ತಾರಲ್ಲ, ಇದೂ ಅದೇ ಜಾತಿಯ ಕೆಲಸ. ಟ್ಯಾಂಕಿನೊಳಗೆ ರೆಸಿನ್ ಎಂಬ ಪುಟ್ಟ ಗುಂಡುಗಳಿರುತ್ತವೆ. ಅಂಗೈಗೆ ಹಾಕಿಕೊಂಡರೆ ದಪ್ಪ ರವೆಯ ಹಾಗೆ ಜಾರುತ್ತವೆ. ಪ್ರತಿ ಗುಂಡಿನ ಮೇಲೂ ಕ್ಲೋರೈಡ್ ಕೂತಿರುತ್ತದೆ. ನೈಟ್ರೇಟ್ ಇರುವ ನೀರು ಹಾದುಹೋಗುವಾಗ ಕ್ಲೋರೈಡ್ ಎದ್ದು ಸೀಟು ಬಿಡುತ್ತದೆ, ನೈಟ್ರೇಟ್ ಕೂರುತ್ತದೆ. ಸೀಟೆಲ್ಲ ತುಂಬಿತು ಅಂದರೆ ಗುಂಡು ಕೆಲಸ ಮಾಡುವುದಿಲ್ಲ. ಆಗ ಗಟ್ಟಿ ಉಪ್ಪುನೀರು ಹಾಯಿಸುತ್ತಾರೆ. ಉಪ್ಪಿನ ಕ್ಲೋರೈಡ್ ಗುಂಪುಗಟ್ಟಿ ನುಗ್ಗಿ ನೈಟ್ರೇಟನ್ನು ಎಬ್ಬಿಸಿ ಕಳಿಸುತ್ತದೆ. ಮತ್ತೆ ಮೊದಲಿನಿಂದ ಶುರು.

ಗಮನಿಸಿ, ನೈಟ್ರೇಟ್ ನಾಶವಾಗಲಿಲ್ಲ. ಜಾಗ ಬದಲಾಯಿಸಿತು ಅಷ್ಟೇ. ತೊಳೆದ ಆ ಉಪ್ಪುನೀರನ್ನು ಮತ್ತೆ ಎಲ್ಲಾದರೂ ಬಿಡಲೇಬೇಕು.

ಖರ್ಚು ಹೇಗಿರುತ್ತದೆ? 2015ರಲ್ಲಿ ಈ ಘಟಕ 177 ದಿನ ಓಡಿತು, ಅದು ದಾಖಲೆ. ಆ ಒಂದು ವರ್ಷದ ಖರ್ಚು ಸುಮಾರು 15 ಲಕ್ಷ ಡಾಲರ್. ಕೊಟ್ಟವರು ಊರಿನ ಜನ, ತಿಂಗಳ ನೀರಿನ ಬಿಲ್ಲಿನಲ್ಲಿ. ಗೊಬ್ಬರ ಹಾಕಿದವರು ಅವರಲ್ಲ. ನನಗೆ ಇಡೀ ವಿಷಯದಲ್ಲಿ ಸರಿ ಕಾಣದ್ದು ಇದು. ಬಾಡಿಗೆ ಮನೆಯಲ್ಲಿ ಮಗು ಸಾಕುವ ಹೆಣ್ಣುಮಗಳು ನೂರು ಮೈಲಿ ಆಚೆಯ ಹೊಲದ ಲೆಕ್ಕ ಯಾಕೆ ತೀರಿಸಬೇಕು?

ಹೆಜ್ಜೆ 5: ಕೋರ್ಟಿಗೆ ಹೋಗಿ, ಆದರೆ ಕಾನೂನು ಓದಿಕೊಂಡು ಹೋಗಿ

ಸಂಸ್ಥೆಯ ಆಗಿನ ಮುಖ್ಯಸ್ಥ ಬಿಲ್ ಸ್ಟೋವ್ ಇದೇ ಪ್ರಶ್ನೆ ಕೇಳಿದರು. 2015ರ ಮಾರ್ಚ್‌ನಲ್ಲಿ ಸ್ಯಾಕ್, ಕ್ಯಾಲ್‌ಹೂನ್ ಮತ್ತು ಬ್ಯೂನ ವಿಸ್ಟ ಎಂಬ ಮೂರು ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಬಸಿಗಾಲುವೆ ಮಂಡಳಿಗಳ ಮೇಲೆ ಸಂಸ್ಥೆ ಕೇಸು ಹಾಕಿತು. ವಾದ ಸರಳ. ಕಾರ್ಖಾನೆ ಪೈಪಿನಿಂದ ಕೊಳೆ ಬಿಟ್ಟರೆ ಪರವಾನಗಿ ಬೇಕು, ಹೊಲದ ಪೈಪಿಗೆ ಯಾಕೆ ಬೇಡ?

ಅಮೆರಿಕದ ಶುದ್ಧ ನೀರಿನ ಕಾಯ್ದೆ 1972ರದು. ಹೊಲದ ಮಳೆನೀರಿಗೆ ಅದರಲ್ಲಿ ವಿನಾಯಿತಿ ಇದೆ. ಪೈಪಿನಲ್ಲಿ ಬರುವುದು ಮಳೆನೀರಲ್ಲ, ನೆಲದೊಳಗಿನ ನೀರು ಎಂದು ಸಂಸ್ಥೆ ಹೇಳಿತು. ಈ ಪ್ರಶ್ನೆಯ ತೀರ್ಮಾನವೇ ಆಗಲಿಲ್ಲ. ಬಸಿಗಾಲುವೆ ಮಂಡಳಿಗಳಿಗೆ ನೀರು ಬಸಿಯುವುದೊಂದೇ ಅಧಿಕಾರ, ಮಾಲಿನ್ಯ ತಡೆಯುವ ಅಧಿಕಾರ ಇಲ್ಲ, ಹಾಗಾಗಿ ಅವುಗಳ ಮೇಲೆ ಕೇಸು ನಿಲ್ಲುವುದಿಲ್ಲ ಎಂದು 2017ರ ಮಾರ್ಚ್‌ನಲ್ಲಿ ನ್ಯಾಯಾಲಯ ಅರ್ಜಿ ವಜಾ ಮಾಡಿತು. ಸ್ಟೋವ್ 2019ರಲ್ಲಿ ತೀರಿಕೊಂಡರು. ಕೇಸು ಸೋತರೂ ಅವರು ಎತ್ತಿದ ಪ್ರಶ್ನೆ ಅಯೋವಾದ ಮನೆಮನೆಯ ಮಾತಾಯಿತು. ಹಳ್ಳಿ ಮತ್ತು ಪಟ್ಟಣದ ನಡುವೆ ಮನಸ್ತಾಪವೂ ಬೆಳೆಯಿತು, ಅದನ್ನೂ ಹೇಳಬೇಕು.

ಹೆಜ್ಜೆ 6: ಹೊಲಕ್ಕೇ ಹೋಗಿ

ನಿಜವಾದ ಕೆಲಸ ಇಲ್ಲಿದೆ. ನೈಟ್ರೇಟ್ ಪೈಪಿನಿಂದ ಹೊರಬೀಳುವ ಮೊದಲೇ ಹಿಡಿಯಬೇಕು.

ಒಂದು ದಾರಿ ಹೊದಿಕೆ ಬೆಳೆ. ಮೆಕ್ಕೆಜೋಳ ಕಟಾವಿನ ನಂತರ ನೆಲ ಬರಿದು ಬಿಡದೆ ರೈ (ಗೋಧಿಯಂಥ ಒಂದು ಧಾನ್ಯ) ಥರದ ಬೆಳೆ ಹಾಕುವುದು. ಅದರ ಬೇರು ಚಳಿಗಾಲಕ್ಕೆ ಮೊದಲು ಮತ್ತು ವಸಂತದಲ್ಲಿ ನೈಟ್ರೇಟ್ ಹೀರುತ್ತದೆ. ಹುರುಳಿ, ಸೆಣಬು ಹಾಕಿ ಮಣ್ಣು ಕಾಯ್ದುಕೊಂಡ ನಮ್ಮ ಹಿರಿಯರಿಗೆ ನೆಲ ಬರಿದು ಬಿಡಬಾರದು ಎಂಬುದು ಹೊಸ ಮಾತಲ್ಲ.

ಇನ್ನೊಂದು ದಾರಿ ನನಗೆ ತುಂಬಾ ಇಷ್ಟ. ಹಳ್ಳದ ದಂಡೆಯಲ್ಲಿ ಹುಲ್ಲಿನ ಪಟ್ಟಿ ಬಿಡುತ್ತಾರೆ. ಬಸಿ ಪೈಪು ನೇರ ಹಳ್ಳಕ್ಕೆ ಬೀಳದಂತೆ ಒಂದು ಪೆಟ್ಟಿಗೆ ಇಟ್ಟು, ನೀರನ್ನು ಆ ಹುಲ್ಲಿನ ಕೆಳಗೆ ಅಡ್ಡಡ್ಡ ಹರಿಸುತ್ತಾರೆ. ಗಾಳಿ ಸಿಗದ ಒದ್ದೆ ಮಣ್ಣಿನ ಬ್ಯಾಕ್ಟೀರಿಯಾ ನೈಟ್ರೇಟ್ ತಿಂದು ಅದನ್ನು ಸಾರಜನಕದ ಅನಿಲವಾಗಿ ಬಿಡುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿರುವುದು ಅದೇ ಅನಿಲ. ಇಲ್ಲಿ ಉಪ್ಪು ಬೇಡ, ಟ್ಯಾಂಕು ಬೇಡ. ಹುಲ್ಲಿನ ಪಟ್ಟಿಗೆ ಜಾಗವಿಲ್ಲದ ಕಡೆ ಗುಂಡಿ ತೋಡಿ ಮರದ ಚಕ್ಕೆ ತುಂಬಿ ಅದರ ಮೂಲಕ ನೀರು ಬಿಡುತ್ತಾರೆ. ಒಳಗೆ ನಡೆಯುವ ಕೆಲಸ ಅದೇ.

ಹಾಗಿದ್ದರೆ ಯಾಕೆ ಎಲ್ಲರೂ ಮಾಡುವುದಿಲ್ಲ? ಲಾಭ ಕೆಳಗಿನ ಊರಿಗೆ, ಓಡಾಟ ರೈತನಿಗೆ. ಅರ್ಜಿ, ಎಂಜಿನಿಯರ್, ಗುತ್ತಿಗೆದಾರ, ಇಷ್ಟನ್ನೂ ಒಬ್ಬ ರೈತ ಸುಮ್ನೆ ಯಾಕೆ ಮೈಮೇಲೆ ಹಾಕಿಕೊಳ್ಳುತ್ತಾನೆ? ಡಿ ಮೊಯ್ನ್ ಇರುವ ಪೋಕ್ ಕೌಂಟಿಯವರು 2021ರಲ್ಲಿ ಇದನ್ನು ತಿರುಗಿಸಿದರು. ಯಾವ ಹೊಲಕ್ಕೆ ಹೊಂದುತ್ತದೆ ಎಂದು ತಾವೇ ಗುರುತಿಸಿದರು, ಕಾಗದಪತ್ರ ತಾವೇ ಮಾಡಿದರು, ಹತ್ತಾರು ಜಾಗಗಳ ಕೆಲಸ ಒಟ್ಟಿಗೆ ಒಬ್ಬ ಗುತ್ತಿಗೆದಾರರಿಗೆ ಕೊಟ್ಟರು. ರೈತರು ಕೈಯಿಂದ ದುಡ್ಡು ಹಾಕಬೇಕಿರಲಿಲ್ಲ. ಒಂದೇ ಕಂತಿನಲ್ಲಿ ಐವತ್ತರಷ್ಟು ಕಡೆ ಕೆಲಸ ಮುಗಿಯಿತು.

ಜರ್ಮನಿಯ ಮ್ಯೂನಿಕ್ ನಗರದ ನೀರು ಸಂಸ್ಥೆ ಇದಕ್ಕೂ ಮುಂದೆ ಹೋಗಿದೆ. ಊರಿಗೆ ಹೆಚ್ಚಿನ ನೀರು ಬರುವ ಮ್ಯಾಂಗ್‌ಫಾಲ್ ಕಣಿವೆಯಲ್ಲಿ, ಸಾವಯವಕ್ಕೆ ಬದಲಾಗುವ ರೈತರಿಗೆ ಅದು 1992ರಿಂದ ಹಣ ಕೊಡುತ್ತಿದೆ. ನೈಟ್ರೇಟ್ ಮಿತಿ ಮೀರುವ ಮೊದಲೇ ರೈತರ ಮನೆಗೆ ಹೋದರು. ಆ ಬುದ್ಧಿಯನ್ನು ಮೆಚ್ಚಲೇಬೇಕು. ಅಯೋವಾದಲ್ಲಿ 2013ರಿಂದ ಒಂದು ಯೋಜನೆ ಇದೆ, ಸಾರಜನಕ ಮತ್ತು ರಂಜಕ ಎರಡನ್ನೂ 45% ಇಳಿಸುವುದು ಗುರಿ. ಆದರೆ ಪಾಲಿಸುವುದು, ಬಿಡುವುದು ರೈತರ ಇಷ್ಟ. ಹನ್ನೆರಡು ವರ್ಷದ ನಂತರವೂ ಹುಲ್ಲಿಗೆ ನೀರು ಬಿಡಬೇಡಿ ಎಂದು ಹೇಳುವ ಸ್ಥಿತಿ ಬಂತು.

ಹೆಜ್ಜೆ 7: ನಿಮ್ಮ ಮನೆಯ ನೀರು

ನಮ್ಮೂರ ಮನೆಯ ಬೋರ್‌ವೆಲ್ ನೀರು ಸಿಹಿ ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಒಂದು ಸಲ ಕಿಟ್ ತಂದು ಪರೀಕ್ಷೆ ಮಾಡಿದೆ. ಪುಟ್ಟ ಸೀಸೆಯ ನೀರಿಗೆ ಪುಡಿ ಹಾಕಿ ಅಲ್ಲಾಡಿಸಿ ಇಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ನಿಧಾನಕ್ಕೆ ತಿಳಿ ಗುಲಾಬಿ, ನೋಡ್ತಾ ನೋಡ್ತಾ ಬೀಟ್‌ರೂಟ್ ಪಲ್ಯದ ನೀರಿನ ಬಣ್ಣ. ಬೋರ್‌ವೆಲ್‌ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಮ್ಮದೇ ತಿಪ್ಪೆ. ಅಷ್ಟು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನೀವು ಹೀಗೆ ಮಾಡಿ. ಹತ್ತು ನಿಮಿಷ ಪಂಪು ಓಡಿಸಿ, ಆಮೇಲೆ ಶುಭ್ರವಾದ ಬಾಟಲಿಯನ್ನು ಅದೇ ನೀರಲ್ಲಿ ಎರಡು ಸಲ ತೊಳೆದು ತುಂಬಿ. ತಣ್ಣಗಿಟ್ಟು ಅದೇ ದಿನ ಲ್ಯಾಬಿಗೆ ತಲುಪಿಸಿ. ಹಳ್ಳಿಯವರಾದರೆ ಮೊದಲು ಪಂಚಾಯ್ತಿಯಲ್ಲಿ ಕೇಳಿ, ನೀರು ಪರೀಕ್ಷೆಯ ಕಿಟ್ ಅಲ್ಲೇ ಇರಬಹುದು. ಬಣ್ಣ ಬಂದರೆ ಲ್ಯಾಬಿನಲ್ಲಿ ಖಚಿತ ಮಾಡಿಕೊಳ್ಳಿ. ವರದಿ ಕೈಗೆ ಬಂದಾಗ ಹಿಂದೆ ಹೇಳಿದ್ದನ್ನು ನೆನಪಿಡಿ. ಅಂಕಿ ನೈಟ್ರೇಟ್‌ನದೋ ಅಥವಾ ಅದರ ಸಾರಜನಕದ್ದೋ ಎಂದು ಕೇಳಿ. ಮೊದಲನೆಯದಾದರೆ 45 ದಾಟಬಾರದು, ಎರಡನೆಯದಾದರೆ 10. ಮಳೆಗಾಲ ಮುಗಿದ ಮೇಲೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮಾಡಿಸಿ.

ಮಿತಿ ಮೀರಿದ್ದರೆ ದಯವಿಟ್ಟು ಕುದಿಸಬೇಡಿ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ, ಕ್ಲೋರಿನ್ ಯಾವುದೂ ನೈಟ್ರೇಟ್ ತೆಗೆಯುವುದಿಲ್ಲ. ಮನೆಯ ಮಾಮೂಲಿ ಸಾಫ್ಟ್‌ನರ್ ಕೂಡ ತೆಗೆಯುವುದಿಲ್ಲ, ಅದರ ರೆಸಿನ್ ಬೇರೆ. ಆರ್‌ಒ ತೆಗೆಯುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಆರ್‌ಒ ಇದ್ದರೆ ಕುಡಿಯಲು, ಅಡುಗೆಗೆ ಅಲ್ಲಿಂದ ತನ್ನಿ. ಸ್ನಾನಕ್ಕೆ, ಬಟ್ಟೆಗೆ ಬೋರ್‌ವೆಲ್ ನೀರು ಸಾಕು. ಆರು ತಿಂಗಳೊಳಗಿನ ಕೂಸಿಗೆ ತಾಯಿಹಾಲೇ ಸಾಕು. ಡಾಕ್ಟರು ಹಾಲಿನ ಪುಡಿ ಹೇಳಿದ್ದರೆ ಅದನ್ನು ಈ ನೀರಿನಲ್ಲಿ ಕಲಸಲೇಬೇಡಿ.

ತಿಪ್ಪೆ, ಕೊಟ್ಟಿಗೆಯ ಗುಂಡಿ, ಶೌಚದ ಗುಂಡಿ ಬೋರ್‌ವೆಲ್ ಹತ್ತಿರ ಇದ್ದರೆ ದೂರಕ್ಕೆ, ಇಳಿಜಾರಿನ ಕೆಳಗಿನ ಕಡೆಗೆ ಸರಿಸಿ. ಯೂರಿಯಾವನ್ನು ಒಂದೇ ಸಲ ಚೆಲ್ಲದೆ ಎರಡು ಮೂರು ಕಂತಿನಲ್ಲಿ, ಮಳೆಯ ಮುನ್ಸೂಚನೆ ನೋಡಿ ಕೊಡಿ.

ನಾವು ತಿಪ್ಪೆಯನ್ನು ಹಿತ್ತಲ ಕೆಳಗಿನ ಮೂಲೆಗೆ ಸಾಗಿಸಿದೆವು. ನೆಲದೊಳಗಿನ ನೀರು ಸರಿಯಾಗಲು ವರ್ಷಗಳೇ ಬೇಕು, ಅಲ್ಲಿವರೆಗೆ ಕುಡಿಯಲು ಘಟಕದ ನೀರೇ. ಅದೇ ಬೋರ್‌ವೆಲ್‌ನಿಂದ ಪಕ್ಕದ ಮನೆಯವರೂ ನೀರು ಹಿಡಿಯುತ್ತಾರೆ. ಅವರ ಮನೆಗೆ ಬಾಣಂತಿ ಮಗಳು ಬಂದಿದ್ದಳು. ಅವತ್ತು ಸಂಜೆಯೇ ಸೀಸೆ ಹಿಡಿದು ಹೋಗಿ ತೋರಿಸಿ ಬಂದೆ.