ಗಡಿಯಾಚೆಗೊಂದು ಸೋದರಿ ನಗರ: ನಂಟು ಬೆಳೆಸುವುದು ಹೇಗೆ?

ಒಂದು ದೇಶದ ಊರು ಇನ್ನೊಂದು ದೇಶದ ಊರಿನ ಜೊತೆ ಮಾಡಿಕೊಳ್ಳುವ ಸ್ನೇಹದ ಒಪ್ಪಂದವೇ ಸೋದರಿ ನಗರ ಅಥವಾ ಸಿಸ್ಟರ್ ಸಿಟಿ. ಇಂಥ ಒಪ್ಪಂದ ಮಾಡಿಕೊಳ್ಳುವುದು ಕಷ್ಟವಲ್ಲ, ಉಳಿಸಿಕೊಳ್ಳುವುದು ಕಷ್ಟ. ಬಹಳ ಸಲ ಮೊದಲು ಸಹಿ ಹಾಕಿ, ಹಾರ ಹಾಕಿ, ಆಮೇಲೆ ಏನು ಮಾಡೋಣ ಅಂತ ಯೋಚಿಸುತ್ತಾರೆ. ಇದು ಉಲ್ಟಾ ಆಗಬೇಕು. ಕೆಲಸ ಮೊದಲು, ಸಹಿ ಕೊನೆಗೆ.

ಹಾಗಾಗಿ ಮೊದಲ ಹೆಜ್ಜೆ, ಕಾರಣ ಹುಡುಕುವುದು. ಹೆಸರುವಾಸಿ ನಗರದ ಬೆನ್ನು ಹತ್ತಬೇಡಿ. ನಿಮ್ಮಷ್ಟೇ ದೊಡ್ಡದಾದ, ನಿಮ್ಮಂಥದ್ದೇ ಕಸುಬು ಅಥವಾ ಕಷ್ಟ ಇರುವ ಊರನ್ನು ನೋಡಿ. ನಿಮ್ಮೂರಿನಿಂದ ಹೋಗಿ ಅಲ್ಲಿ ನೆಲೆಸಿದವರಿದ್ದರೆ ಇನ್ನೂ ಒಳ್ಳೆಯದು.

ಕಾರಣ ಎಷ್ಟು ಸಣ್ಣದಿರಬಹುದು ಎನ್ನುವುದಕ್ಕೆ ಒಂದು ದೋಣಿಯ ಕಥೆ ಇದೆ. 2011ರ ಸುನಾಮಿ ಜಪಾನಿನ ರಿಕುಜೆಂತಕಾತ ಪಟ್ಟಣವನ್ನು ಕೊಚ್ಚಿಕೊಂಡು ಹೋಯಿತು. ಅಲ್ಲಿನ ಹೈಸ್ಕೂಲಿನ ‘ಕಮೊಮೆ’ ಎಂಬ ಪುಟ್ಟ ದೋಣಿ ಪೆಸಿಫಿಕ್ ಸಾಗರ ದಾಟಿ, 2013ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕ್ರೆಸೆಂಟ್ ಸಿಟಿಯ ದಡ ಸೇರಿತು. ಮೈತುಂಬಾ ಸಮುದ್ರದ ಚಿಪ್ಪುಗಳು ಕಚ್ಚಿಕೊಂಡಿದ್ದವು. ಅಲ್ಲಿನ ಹೈಸ್ಕೂಲ್ ಮಕ್ಕಳು ಅದನ್ನು ಕೆರೆದು, ತೊಳೆದು ಸ್ವಚ್ಛ ಮಾಡಿದರು. ಅದೇ ವರ್ಷ ದೋಣಿ ತನ್ನ ಶಾಲೆಗೆ ಮರಳಿತು. 1964ರಲ್ಲಿ ಕ್ರೆಸೆಂಟ್ ಸಿಟಿಯೂ ಸುನಾಮಿಗೆ ಸಿಕ್ಕಿ ನಲುಗಿತ್ತು; ಆ ನೋವು ಅವರಿಗೆ ಹೊಸದಲ್ಲ. ಆಮೇಲೆ ಮಕ್ಕಳು ಹೋಗಿ ಬಂದರು, ಶಾಲೆಗಳು ಜೊತೆಯಾದವು. ಸೋದರಿ ನಗರ ಒಪ್ಪಂದ ಆಗಿದ್ದು 2018ರಲ್ಲಿ. ಅಷ್ಟು ಹೊತ್ತಿಗೆ ನಂಟು ಗಟ್ಟಿಯಾಗಿತ್ತು, ಕಾಗದ ಬಂದಿದ್ದು ಅದರ ಹಿಂದೆ.

ಕಾರಣ ಸಿಕ್ಕಿತು ಅನ್ನಿ. ಈಗ ಶಿಕ್ಷಕರು, ವೈದ್ಯರು, ವ್ಯಾಪಾರಿಗಳು, ವಿದ್ಯಾರ್ಥಿಗಳು ಸೇರಿದ ಒಂದು ಸಮಿತಿ ಬೇಕು. ಮೇಯರ್ ಬದಲಾಗುತ್ತಾರೆ, ಅಧಿಕಾರಿಗಳಿಗೆ ವರ್ಗಾವಣೆ ಆಗುತ್ತದೆ; ಊರಿನವರು ಊರಲ್ಲೇ ಇರುತ್ತಾರೆ. ಪತ್ರಕ್ಕೆ ಉತ್ತರ ಕೊಡುವ ಕೆಲಸವನ್ನು ಒಬ್ಬರಿಗೇ ವಹಿಸಿ. ಎಲ್ಲರ ಕೆಲಸ ಅಂದರೆ ಯಾರೂ ಮಾಡುವುದಿಲ್ಲ, ಅಲ್ವಾ?

ನಂತರ ಆ ಊರಿನ ಸ್ಥಳೀಯ ಆಡಳಿತಕ್ಕೆ ಒಂದು ಪುಟದ ಪತ್ರ ಬರೆಯಿರಿ. ನೀವು ಯಾರು, ಅವರೇ ಯಾಕೆ, ಮೊದಲ ವರ್ಷ ಸೇರಿ ಮಾಡಬಹುದಾದ ಒಂದು ಕೆಲಸ ಯಾವುದು ಎಂದು ತಿಳಿಸಿದರೆ ಸಾಕು. ಎರಡು ಶಾಲೆಗಳ ಪತ್ರ ವಿನಿಮಯ ಆಗಬಹುದು, ಅಗ್ನಿಶಾಮಕ ಸಿಬ್ಬಂದಿಯ ತರಬೇತಿಯೂ ಆಗಬಹುದು. ಆ ಒಂದು ಕೆಲಸ ಮುಗಿಯುವ ತನಕ ಒಪ್ಪಂದದ ಮಾತು ಬೇಡ.

ಒಪ್ಪಂದಕ್ಕೆ ಮುಂಚೆ ನಿಮ್ಮ ದೇಶದ ನಿಯಮ ನೋಡಿಕೊಳ್ಳಿ. ಹಲವು ದೇಶಗಳಲ್ಲಿ ವಿದೇಶಾಂಗ ಇಲಾಖೆಯ ಒಪ್ಪಿಗೆ ಬೇಕಾಗುತ್ತದೆ. ಕರಡನ್ನು ಎರಡೂ ಭಾಷೆಗಳಲ್ಲಿ ಬರೆಸಿ. ಯಾವ ಖರ್ಚು ಯಾರದು, ಎಷ್ಟು ವರ್ಷಕ್ಕೊಮ್ಮೆ ಕುಳಿತು ಪರಿಶೀಲಿಸುವುದು, ಮನಸ್ತಾಪ ಬಂದರೆ ಯಾರು ಮಾತಾಡುವುದು ಎಂಬುದು ಅದರಲ್ಲಿರಲಿ.

ಕೊನೆಯದನ್ನು ಸುಮ್ನೆ ಹೇಳುತ್ತಿಲ್ಲ. ಒಸಾಕಾ ಮತ್ತು ಸ್ಯಾನ್ ಫ್ರಾನ್ಸಿಸ್ಕೊ 1957ರಿಂದ ಸೋದರಿ ನಗರಗಳಾಗಿದ್ದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಸೇನೆಯ ಲೈಂಗಿಕ ಗುಲಾಮಗಿರಿಗೆ ಸಿಲುಕಿದ ಮಹಿಳೆಯರ ಸ್ಮಾರಕ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಿಂತ ಮೇಲೆ, 2018ರಲ್ಲಿ ಒಸಾಕಾದ ಮೇಯರ್ ನಂಟು ಕಡಿದುಕೊಂಡರು. ಆ ಮಹಿಳೆಯರ ನೋವನ್ನು ನೆನೆಯುವುದು ಸರಿಯೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇಂಥ ಹಳೆಯ ಗಾಯಗಳ ಬಗ್ಗೆ ಮುಂಚೆಯೇ ಮುಖಾಮುಖಿ ಮಾತಾಡಿಕೊಂಡಿರಬೇಕು.

ಗಡಿಯ ಅಕ್ಕಪಕ್ಕದ ಊರುಗಳಾದರೆ ಕೆಲಸ ಇನ್ನೂ ಜಾಸ್ತಿ ಮಾಡಬಹುದು. ಎರಡನೇ ಮಹಾಯುದ್ಧದ ಕೊನೆಗೆ ಒಂದೇ ಊರು ನೈಸೆ ನದಿಯ ಆಚೀಚೆ ಎರಡಾಯಿತು: ಜರ್ಮನಿಯ ಗೋರ್ಲಿಟ್ಸ್, ಪೋಲೆಂಡಿನ ಜ್ಗೊಝೆಲೆಟ್ಸ್. 1998ರಲ್ಲಿ ಇವೆರಡೂ ಸೇರಿ ಒಂದೇ ‘ಯೂರೋಪ್ ನಗರ’ ಎಂದು ಘೋಷಿಸಿಕೊಂಡವು. 1945ರಲ್ಲಿ ಸ್ಫೋಟಿಸಿ ಕೆಡವಿದ್ದ ಹಳೆಪೇಟೆಯ ಸೇತುವೆಯ ಜಾಗದಲ್ಲಿ 2004ರಲ್ಲಿ ಕಾಲುಸೇತುವೆ ತೆರೆಯಿತು. ನಿಮ್ಮ ನೆರೆಯೂರಿನ ಜೊತೆಗೂ ದಿನಬಳಕೆಯ ಇಂಥ ಕೆಲಸದಿಂದಲೇ ಶುರು ಮಾಡಿ: ಬಸ್ಸು, ಆಂಬುಲೆನ್ಸ್, ನದಿಯ ನೀರು.

ಮೊದಲ ಭೇಟಿಗೆ ಹೊರಟಾಗ ತಂಡದಲ್ಲಿ ಅರ್ಧದಷ್ಟಾದರೂ ಜನಸಾಮಾನ್ಯರಿರಲಿ. ಅವರನ್ನು ಹೋಟೆಲಿನಲ್ಲಿ ಬಿಡದೆ ಅಲ್ಲಿನವರ ಮನೆಗಳಲ್ಲಿ ಉಳಿಸುವ ಏರ್ಪಾಡು ಮಾಡಿ. ವಾಪಸ್ ಹೊರಡುವ ಮುಂಚೆ ಆ ಊರಿನವರು ನಿಮ್ಮೂರಿಗೆ ಬರುವ ತಾರೀಖನ್ನೂ ಗೊತ್ತು ಮಾಡಿಕೊಂಡೇ ಬನ್ನಿ.