ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯ ನಂತರ ಆ್ಯಂಟಿಬಯೋಟಿಕ್: ನಾನು ಯಾರಿಗೆ ಕೊಡುತ್ತೇನೆ, ಯಾರಿಗೆ ಕೊಡುವುದಿಲ್ಲ

ಆರೋಗ್ಯವಂತ ವ್ಯಕ್ತಿಯೊಬ್ಬರಿಗೆ ಒಂದೋ ಎರಡೋ ದಂತ ಇಂಪ್ಲಾಂಟ್ (ಕೃತಕ ಹಲ್ಲಿಗೆ ಬೇರಾಗಿ ದವಡೆಯ ಎಲುಬಿನಲ್ಲಿ ನಿಲ್ಲಿಸುವ ಲೋಹದ ತಿರುಪು) ಕೂರಿಸಿದಾಗ, ಹೊಲಿಗೆ ಹಾಕಿ ಮನೆಗೆ ಕಳುಹಿಸುವ ಹೊತ್ತಿಗೆ ನಾನು ಆ್ಯಂಟಿಬಯೋಟಿಕ್ ಬರೆದುಕೊಡುವುದಿಲ್ಲ. ಶಸ್ತ್ರಚಿಕಿತ್ಸೆಗೆ ಸುಮಾರು ಒಂದು ಗಂಟೆ ಮೊದಲು ಪೆನಿಸಿಲಿನ್ ಗುಂಪಿನ ಆ್ಯಂಟಿಬಯೋಟಿಕ್ ಆದ ಅಮಾಕ್ಸಿಸಿಲಿನ್ ಅನ್ನು 2 ಗ್ರಾಂನಷ್ಟು ಒಂದೇ ಬಾರಿಗೆ ಕೊಡುತ್ತೇನೆ. ಅಲ್ಲಿಗೆ ಆ ಔಷಧದ ಕೆಲಸ ಮುಗಿಯಿತು. ನಂತರ ಕೊಡುವುದು ನೋವಿನ ಮಾತ್ರೆ, ಬಾಯಿ ಮುಕ್ಕಳಿಸುವ ದ್ರಾವಣ, ಮತ್ತು ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು ಎಂಬ ಲಿಖಿತ ಸೂಚನೆ. ಐದು ದಿನಗಳ ಕೋರ್ಸ್ ಬರೆಯುವುದೇ ರೂಢಿಯಾಗಿರುವ ವೃತ್ತಿಯಲ್ಲಿ ಈ ಕ್ರಮಕ್ಕೆ ನಾನು ಏಕೆ ಬಂದೆ, ಯಾವ ರೋಗಿಗಳ ವಿಷಯದಲ್ಲಿ ಇದನ್ನು ಬಿಡುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ರೂಢಿಗೂ ಒಂದು ಹಿನ್ನೆಲೆಯಿದೆ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ದವಡೆಯಲ್ಲಿ ಟೈಟಾನಿಯಂ ಇಂಪ್ಲಾಂಟ್ ಕೂರಿಸಿದ ಮೇಲೆ ರೂಪುಗೊಂಡ ಆರಂಭಿಕ ವಿಧಾನಗಳಲ್ಲಿ, ಶಸ್ತ್ರಚಿಕಿತ್ಸೆಯ ನಂತರವೂ ಹಲವು ದಿನ ಪೆನಿಸಿಲಿನ್ ಕೊಡುವುದು ಸೇರಿತ್ತು. ಹೊಸ ಚಿಕಿತ್ಸೆಯೊಂದು ಸೋಲಬಾರದೆಂಬ ಎಚ್ಚರಿಕೆ ಅದರ ಹಿಂದಿತ್ತು, ಮತ್ತು ಆ ಕಾಲಕ್ಕೆ ಅದು ಸಹಜವೂ ಆಗಿತ್ತು. ಚಿಕಿತ್ಸೆ ಹಳೆಯದಾಯಿತು, ಅದರ ಯಶಸ್ಸು ಸ್ಥಿರವಾಯಿತು, ಆದರೆ ಮಾತ್ರೆಗಳ ಚೀಟಿ ಮಾತ್ರ ಹಾಗೆಯೇ ಮುಂದುವರಿಯಿತು.

ನನ್ನ ಯೋಚನೆಯನ್ನು ಬದಲಿಸಿದ್ದು ಔಷಧವನ್ನು ಯಾವಾಗ ಕೊಡಬೇಕು ಎಂಬ ಪ್ರಶ್ನೆ. ಜಾನ್ ಬರ್ಕ್ ಎಂಬ ಶಸ್ತ್ರಚಿಕಿತ್ಸಕರು 1961ರಲ್ಲಿ ಗಿನಿ ಹಂದಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ ಸಂಗತಿ ಇಂದಿಗೂ ಮುಖ್ಯವಾದದ್ದು: ಬ್ಯಾಕ್ಟೀರಿಯಾ ಗಾಯವನ್ನು ಸೇರುವ ಮೊದಲೇ ಔಷಧ ಅಂಗಾಂಶದಲ್ಲಿದ್ದರೆ ಅದರ ಪ್ರಭಾವ ಅತ್ಯಧಿಕ, ಕೆಲವು ಗಂಟೆ ಕಳೆದ ಮೇಲೆ ಕೊಟ್ಟರೆ ಕೊಟ್ಟದ್ದಕ್ಕೂ ಕೊಡದಿದ್ದುದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಇಂಪ್ಲಾಂಟ್‌ನಲ್ಲಿ ಇದು ಇನ್ನೂ ಸ್ಪಷ್ಟ. ಎಲುಬಿನಲ್ಲಿ ಕೊರೆದ ರಂಧ್ರದೊಳಗೆ ಲೋಹ ಇಳಿಯುವ ಆ ಕೆಲವೇ ನಿಮಿಷಗಳಲ್ಲಿ ಎಂಜಲಿನ ಬ್ಯಾಕ್ಟೀರಿಯಾ ಅದರ ಮೇಲ್ಮೈಗೆ ತಗಲುವ ಸಾಧ್ಯತೆಯಿದೆ, ಮತ್ತು ಸುತ್ತ ಕಟ್ಟುವ ರಕ್ತದ ಹೆಪ್ಪಿನಲ್ಲಿ ಆಗಲೇ ಔಷಧವಿರಬೇಕು. ಬಾಯಿಯ ಮೂಲಕ ತೆಗೆದುಕೊಂಡ ಅಮಾಕ್ಸಿಸಿಲಿನ್ ರಕ್ತದಲ್ಲಿ ಗರಿಷ್ಠ ಮಟ್ಟ ತಲುಪಲು ಒಂದರಿಂದ ಎರಡು ಗಂಟೆ ಬೇಕು. ಹೊಲಿಗೆ ಹಾಕಿ ಮುಗಿಸಿ, ರೋಗಿ ಔಷಧದ ಅಂಗಡಿಗೆ ಹೋಗಿ, ಊಟವಾದ ಮೇಲೆ ನುಂಗುವ ಮೊದಲ ಮಾತ್ರೆ ಈ ನಿರ್ಣಾಯಕ ಹೊತ್ತನ್ನು ತಪ್ಪಿಸಿಕೊಂಡಿರುತ್ತದೆ.

ಇದನ್ನು ಬೆಂಬಲಿಸುವ ಆಧಾರವೂ ಇದೆ. ಹಲವು ವೈದ್ಯಕೀಯ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ, 2013ರಲ್ಲಿ ಪ್ರಕಟವಾದ ವಿಮರ್ಶೆಯು ಆರು ಪ್ರಯೋಗಗಳ, ಒಟ್ಟು 1162 ಮಂದಿಯ ಫಲಿತಾಂಶಗಳನ್ನು ಪರಿಶೀಲಿಸಿ, ಶಸ್ತ್ರಚಿಕಿತ್ಸೆಗೆ ಮೊದಲು ಕೊಡುವ ಒಂದು ಡೋಸ್‌ನಿಂದ ಇಂಪ್ಲಾಂಟ್ ಆರಂಭದಲ್ಲೇ ವಿಫಲವಾಗುವುದು ಕಡಿಮೆಯಾಗುತ್ತದೆ ಎಂದು ಹೇಳಿತು. 25 ಮಂದಿಗೆ ಹೀಗೆ ಕೊಟ್ಟರೆ ಒಬ್ಬರಲ್ಲಿ ಅಂಥ ವೈಫಲ್ಯ ತಪ್ಪುತ್ತದೆ ಎಂಬುದು ಅದರ ಲೆಕ್ಕ. ನಂತರ ಮುಂದುವರಿಸುವ ಕೋರ್ಸ್‌ನಿಂದ ಪ್ರಯೋಜನವಿದೆ ಎನ್ನಲು ಆ ವಿಮರ್ಶೆಯಲ್ಲಿ ಆಧಾರ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸೋಂಕಿನ ಮಾರ್ಗಸೂಚಿಯೂ, ಸೋಂಕು ತಡೆಯುವ ಉದ್ದೇಶದಿಂದ ಕೊಡುವ ಆ್ಯಂಟಿಬಯೋಟಿಕ್ ಅನ್ನು ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಮುಂದುವರಿಸಬಾರದು ಎಂದೇ ಹೇಳುತ್ತದೆ.

ಹೆಚ್ಚುವರಿ ಕೋರ್ಸ್‌ನಿಂದ ಹಾನಿಯೇನೂ ಇಲ್ಲವಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಭೇದಿ, ಮೈಮೇಲೆ ದದ್ದು, ಬಾಯಲ್ಲಿ ಶಿಲೀಂಧ್ರದ ಸೋಂಕು ಇವು ಅಪರೂಪದ ತೊಂದರೆಗಳಲ್ಲ. ಅದಕ್ಕಿಂತ ದೊಡ್ಡದು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುವುದು: 2019ನೇ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಇಂಥ ಸೋಂಕುಗಳೇ ನೇರ ಕಾರಣವೆಂದು ಅಂದಾಜಿಸಲಾಗಿದೆ. ಔಷಧ ಬರೆಯುವ ಪ್ರತಿಯೊಬ್ಬರ ಪಾಲೂ ಇದರಲ್ಲಿದೆ.

ಮಾತ್ರೆಗಳನ್ನು ಕಡಿಮೆ ಮಾಡಿದ ಮೇಲೆ ಉಳಿದ ಕೆಲಸವನ್ನು ಇನ್ನಷ್ಟು ಬಿಗಿಯಾಗಿ ಮಾಡಬೇಕಾಗುತ್ತದೆ. ವಸಡಿನ ರೋಗವಿದ್ದರೆ ಅದಕ್ಕೆ ಮೊದಲು ಚಿಕಿತ್ಸೆ ಮುಗಿಸುತ್ತೇನೆ. ಪಕ್ಕದ ಹಲ್ಲಿನ ಬೇರಿನಲ್ಲಿ ಕೀವಿದ್ದರೆ ಇಂಪ್ಲಾಂಟ್ ಅನ್ನು ಮುಂದೂಡುತ್ತೇನೆ. ಧೂಮಪಾನ ಮಾಡುವವರಿಗೆ ಅದು ಗಾಯ ಮಾಯುವುದನ್ನು ಹೇಗೆ ತಡೆಯುತ್ತದೆ ಎಂಬುದನ್ನು ವಿವರಿಸಿ, ನಿಲ್ಲಿಸುವಂತೆ ಒತ್ತಾಯಿಸುತ್ತೇನೆ. ಶಸ್ತ್ರಚಿಕಿತ್ಸೆಗೆ ಮುನ್ನ ಕ್ಲೋರ್‌ಹೆಕ್ಸಿಡಿನ್ ಎಂಬ ಬ್ಯಾಕ್ಟೀರಿಯಾ ನಾಶಕ ದ್ರಾವಣದಿಂದ ಬಾಯಿ ಮುಕ್ಕಳಿಸಲು ಹೇಳುತ್ತೇನೆ. ಇಂಪ್ಲಾಂಟ್ ಅನ್ನು ಪೊಟ್ಟಣದಿಂದ ತೆಗೆದ ಮೇಲೆ ಅದು ತುಟಿಗಾಗಲಿ, ಕೈಗವಸಿಗಾಗಲಿ, ಎಂಜಲಿಗಾಗಲಿ ತಗಲದಂತೆ ನೇರವಾಗಿ ರಂಧ್ರಕ್ಕೆ ಇಳಿಸುತ್ತೇನೆ. ಎಲುಬು 47 ಡಿಗ್ರಿ ಸೆಲ್ಸಿಯಸ್‌ ಬಿಸಿಯನ್ನು ಒಂದು ನಿಮಿಷ ಅನುಭವಿಸಿದರೂ ಹಾನಿಗೊಳ್ಳುತ್ತದೆ. ಆದ್ದರಿಂದ ಹರಿತವಾದ ಡ್ರಿಲ್, ಧಾರಾಳವಾದ ತಂಪು ಸಲೈನ್ ಮತ್ತು ಬಿಟ್ಟು ಬಿಟ್ಟು ಕೊರೆಯುವ ತಾಳ್ಮೆ ಇವು ಮೂರೂ ಇರಲೇಬೇಕು. ಬಿಸಿಯಿಂದ ಸತ್ತ ಎಲುಬಿಗೆ ರಕ್ತವೇ ಹರಿಯದು; ರಕ್ತ ಹರಿಯದಲ್ಲಿಗೆ ಔಷಧವೂ ತಲುಪದು. ಕೊನೆಗೆ ವಸಡಿನ ಅಂಚುಗಳು ಎಳೆತವಿಲ್ಲದೆ ಕೂಡುವಂತೆ ಹೊಲಿಗೆ ಹಾಕಬೇಕು, ಏಕೆಂದರೆ ಎಳೆದು ಹೊಲಿದ ಗಾಯ ಬಿಚ್ಚಿಕೊಳ್ಳುತ್ತದೆ.

“ಡಾಕ್ಟರೇ, ಆ್ಯಂಟಿಬಯೋಟಿಕ್ ಬರೆಯುವುದನ್ನು ಮರೆತಿರಾ?” ಎಂದು ರೋಗಿಗಳು ಕೇಳುವುದುಂಟು. ಅವರ ಆತಂಕ ಸಕಾರಣವಾದದ್ದು. ಮುಖ ಊದಿದಾಗ ಯಾರಿಗಾದರೂ ಸೋಂಕಿನ ಭಯ ಬರುತ್ತದೆ. ಊತ ಎರಡನೆಯ, ಮೂರನೆಯ ದಿನ ಅತಿ ಹೆಚ್ಚಾಗಿ ಆಮೇಲೆ ಇಳಿಯುತ್ತದೆಂದೂ, ಅದು ಗಾಯ ಮಾಯುವ ಪ್ರಕ್ರಿಯೆಯ ಭಾಗವೆಂದೂ ಮೊದಲೇ ತಿಳಿಸಿರುತ್ತೇನೆ. ಇಳಿಯುತ್ತಿದ್ದ ನೋವು ಮತ್ತೆ ಏರಿದರೆ, ಊತ ನಾಲ್ಕನೆಯ ದಿನದ ನಂತರವೂ ಹೆಚ್ಚುತ್ತಿದ್ದರೆ, ಕೀವು, ಜ್ವರ, ಬಾಯಿ ತೆರೆಯಲು ಕಷ್ಟ ಇವುಗಳಲ್ಲಿ ಯಾವುದೇ ಒಂದು ಕಂಡರೂ ಅದೇ ದಿನ ಬರಬೇಕು; ನುಂಗಲು ಅಥವಾ ಉಸಿರಾಡಲು ತೊಂದರೆಯಾದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಮರುದಿನ ನಾನೇ ಫೋನ್ ಮಾಡಿ ವಿಚಾರಿಸುತ್ತೇನೆ. ಆ ಒಂದು ಕರೆ ಬಹುಪಾಲು ಆತಂಕವನ್ನು ನಿವಾರಿಸುವುದನ್ನು ಕಂಡಿದ್ದೇನೆ.

ಆದರೆ ಈ ಕ್ರಮ ಎಲ್ಲರಿಗೂ ಹೊಂದುವುದಿಲ್ಲ. ಮೇಲ್ದವಡೆಯ ಸೈನಸ್‌ನ (ಹಲ್ಲುಗಳ ಮೇಲಿರುವ ಗಾಳಿ ತುಂಬಿದ ಕುಹರ) ಪೊರೆಯನ್ನು ಎತ್ತಿ ಎಲುಬು ತುಂಬಿಸಿದಾಗ, ದೊಡ್ಡ ಪ್ರಮಾಣದ ಬೋನ್ ಗ್ರಾಫ್ಟ್ (ಎಲುಬಿನ ಕಸಿ) ಇಟ್ಟಾಗ, ಸೋಂಕಿದ್ದ ಹಲ್ಲನ್ನು ಕಿತ್ತ ಗುಳಿಯಲ್ಲೇ ಇಂಪ್ಲಾಂಟ್ ಕೂರಿಸಿದಾಗ, ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ದಿನ ಔಷಧ ಕೊಡುತ್ತೇನೆ. ಗ್ರಾಫ್ಟ್‌ಗೆ ಮೊದಲ ದಿನಗಳಲ್ಲಿ ತನ್ನದೇ ರಕ್ತಸಂಚಾರ ಇರುವುದಿಲ್ಲ ಎಂಬುದು ನನ್ನ ಕಾರಣ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುವವರ ವಿಷಯವನ್ನು ಅವರ ವೈದ್ಯರೊಡನೆ ಚರ್ಚಿಸಿಯೇ ನಿರ್ಧರಿಸುತ್ತೇನೆ. ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ, ಕೋರ್ಸ್ ಕೊಟ್ಟು ಮುಂದುವರಿಯುವುದಕ್ಕಿಂತ ಸಕ್ಕರೆ ಹತೋಟಿಗೆ ಬರುವವರೆಗೆ ಕಾಯುವುದು ಮೇಲು. ಹೃದಯದಲ್ಲಿ ಕೃತಕ ಕವಾಟವಿರುವವರಿಗೆ ಕೊಡುವ ಮುಂಜಾಗ್ರತೆಯ ಡೋಸ್ ಬೇರೆಯೇ ವಿಚಾರ. ಅದರ ಗುರಿ ಹೃದಯದ ಒಳಪೊರೆಯನ್ನು ಕಾಪಾಡುವುದು, ಮತ್ತು ಅದೂ ಶಸ್ತ್ರಚಿಕಿತ್ಸೆಗೆ ಮೊದಲು ಕೊಡುವ ಒಂದೇ ಡೋಸ್.

ಪೆನಿಸಿಲಿನ್ ಅಲರ್ಜಿ ಇದೆ ಎನ್ನುವವರ ಬಳಿ ನಾನು ಹೆಚ್ಚು ಹೊತ್ತು ಮಾತನಾಡುತ್ತೇನೆ. ಹಾಗೆ ಹೇಳುವವರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಮಂದಿಗೆ ಪರೀಕ್ಷಿಸಿದಾಗ ನಿಜವಾದ ಅಲರ್ಜಿ ಕಂಡುಬರುವುದಿಲ್ಲ. ಬಾಲ್ಯದಲ್ಲಿ ಎಂದೋ ಬಂದ ದದ್ದು ಜೀವನಪೂರ್ತಿ ಹಣೆಪಟ್ಟಿಯಾಗಿ ಉಳಿದಿರುತ್ತದೆ. ಹಾಗೆಂದು ನಾನಾಗಿಯೇ ಆ ಹಣೆಪಟ್ಟಿಯನ್ನು ಕಿತ್ತುಹಾಕುವುದಿಲ್ಲ, ಅಲರ್ಜಿ ತಜ್ಞರ ಬಳಿ ಕಳುಹಿಸುತ್ತೇನೆ. ಅಮಾಕ್ಸಿಸಿಲಿನ್ ಬದಲಿಗೆ ಕ್ಲಿಂಡಾಮೈಸಿನ್ ಎಂಬ ಬೇರೆ ಗುಂಪಿನ ಆ್ಯಂಟಿಬಯೋಟಿಕ್ ಬರೆಯಲು ಕೈ ಹಿಂಜರಿಯುತ್ತದೆ, ಏಕೆಂದರೆ ಅದರಿಂದ ಕರುಳಿನಲ್ಲಿ ತೀವ್ರ ಸ್ವರೂಪದ ಸೋಂಕು ಉಂಟಾಗಬಹುದು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಕೆಲವರಿಗೆ ಸೋಂಕು ಬರುತ್ತದೆ. ಆಗ ಆ್ಯಂಟಿಬಯೋಟಿಕ್ ಕೊಡಲು ಹಿಂದೆಮುಂದೆ ನೋಡುವುದಿಲ್ಲ, ಆದರೆ ಅದೊಂದನ್ನೇ ನಂಬುವುದೂ ಇಲ್ಲ: ಕೀವಿಗೆ ದಾರಿ ಮಾಡಿಕೊಡಬೇಕು, ಗಾಯವನ್ನು ತೊಳೆಯಬೇಕು, ಇಂಪ್ಲಾಂಟ್ ಅಲುಗಾಡುತ್ತಿದ್ದರೆ ತೆಗೆದುಬಿಡಬೇಕು. ಲೋಹದ ಮೇಲೆ ಬ್ಯಾಕ್ಟೀರಿಯಾ ಪದರಗಟ್ಟಿ ಕುಳಿತ ಮೇಲೆ ಮಾತ್ರೆ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ವರ್ಷಗಳ ನಂತರ ಇಂಪ್ಲಾಂಟ್ ಸುತ್ತ ಎಲುಬು ಕರಗತೊಡಗಿದಾಗಲೂ ಮೊದಲ ಚಿಕಿತ್ಸೆ ಆ ಪದರವನ್ನು ಉಪಕರಣದಿಂದ ಕೆರೆದು ತೆಗೆಯುವುದೇ ಆಗಿರುತ್ತದೆ.